ಅರ್ಜಿ ಕೊಟ್ಟ ಮೇಲೆ ಶುರುವಾಗುವ ಕೆಲಸ

(ಮಂಡ್ಯದಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಸ್ವಯಂಸೇವಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಏಳು ದಿನದ ವಿಶೇಷ ಶಿಬಿರ ಮುಗಿಸಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಸರಿ, ಹೆಚ್ಚುಕಮ್ಮಿ ಎಲ್ಲರೂ. ಶಿಬಿರ ಮುಗಿಸಿ ಬಂದ ಮೇಲೆ ಅದೇ ಊರಿಗೆ ಮತ್ತೆ ಹೋದವರು? ಹಿಂದಿನ ಸಾಲಿನಲ್ಲಿ ಇಬ್ಬರು, ಕಿಟಕಿ ಪಕ್ಕ ಒಬ್ಬ ಹುಡುಗಿ.

ಬೈಯುವುದಕ್ಕೆ ಕೇಳಿದ್ದಲ್ಲ. ಆ ಏಳು ದಿನ ನೀವು ಬೆವರು ಸುರಿಸಿ ಕೆಲಸ ಮಾಡಿರುತ್ತೀರಿ, ಅದು ನನಗೆ ಗೊತ್ತು. ಎನ್‌ಎಸ್‌ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ಹೊತ್ತಿನಲ್ಲಿ. 37 ವಿಶ್ವವಿದ್ಯಾಲಯಗಳು, 40 ಸಾವಿರ ವಿದ್ಯಾರ್ಥಿಗಳು. ಎರಡು ವರ್ಷದಲ್ಲಿ ಒಬ್ಬೊಬ್ಬರೂ 240 ಗಂಟೆ ಕೊಡಬೇಕು ಅನ್ನುವುದು ನಿಯಮ. ನಾನು ಇವತ್ತು ನಿಮ್ಮನ್ನು ಕೇಳುವುದು ಇಷ್ಟೇ. ಆ 240 ಗಂಟೆಯನ್ನು ಇಪ್ಪತ್ತು ಕಡೆ ಚೆಲ್ಲಬೇಡಿ. ಒಂದೇ ಬೀದಿಗೆ ಕೊಡಿ. ವಾರದಲ್ಲಿ ಒಂದು ದಿನ, ಒಂದೇ ಹೊತ್ತು, ಒಂದೇ ಜಾಗ. ನೀವು ಬರುತ್ತೀರಿ ಅಂತ ಆ ಬೀದಿಯವರಿಗೆ ನಂಬಿಕೆ ಬರುವ ತನಕ ಹೋಗಿ. ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಕೆಲವು ಗೆಳೆಯರು ಸೇರಿ ಮಂಡ್ಯ ತಾಲ್ಲೂಕಿನ ಒಂದು ಊರಿನ ಕಾಲೋನಿಯಲ್ಲಿ ಶನಿವಾರ ಸಂಜೆ ಕೂರುತ್ತೇವೆ. ಸಮುದಾಯ ಭವನದ ಜಗುಲಿ, ಒಂದು ಚಾಪೆ, ಪೆನ್ನು, ಒಂದು ಉದ್ದನೆಯ ಪುಸ್ತಕ. ಸಂಘ ಇಲ್ಲ, ರಸೀದಿ ಪುಸ್ತಕ ಇಲ್ಲ, ಬ್ಯಾನರ್ ಇಲ್ಲ. ಯಾರ ಹತ್ತಿರವೂ ದುಡ್ಡು ಎತ್ತುವುದಿಲ್ಲ, ಯಾರಿಗೂ ದುಡ್ಡು ಹಂಚುವುದಿಲ್ಲ. ಸರ್ಕಾರ ಕೊಡುತ್ತೇನೆ ಅಂತ ಆಗಲೇ ಹೇಳಿರುವುದು ಆ ಮನೆಗೆ ತಲುಪಿದೆಯಾ ಅಂತ ನೋಡುತ್ತೇವೆ. ತಲುಪಿಲ್ಲ ಅಂದರೆ ಎಲ್ಲಿ ನಿಂತಿದೆ ಅಂತ ಹುಡುಕುತ್ತೇವೆ. ತಲುಪುವ ತನಕ ಬಿಡುವುದಿಲ್ಲ.

ಕೇಳೋಕೆ ಸಣ್ಣ ಕೆಲಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ 800. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಪಕ್ಕದ ಮೈಸೂರಿನಲ್ಲೇ, ಮಹಾರಾಜ ಕಾಲೇಜು ಮೈದಾನದಲ್ಲಿ ಶುರುವಾಯಿತು. ಅದು ತಿಂಗಳಿಗೆ 2,000. ಒಂದು ಮನೆಯಲ್ಲಿ ಅತ್ತೆಗೆ 1,200, ಸೊಸೆಗೆ 2,000 ಸರಿಯಾಗಿ ಬಂದರೆ ವರ್ಷಕ್ಕೆ 38,400 ರೂಪಾಯಿ ಆಯಿತು. ನಾವು ವರ್ಷಕ್ಕೊಂದು ಸಲ ಹೋಗಿ ಕೊಡುವ ಕಂಬಳಿ, ನೋಟ್‌ಬುಕ್, ಐದು ಕೆ.ಜಿ. ಅಕ್ಕಿ ಎಲ್ಲ ಸೇರಿಸಿದರೂ ಅದರ ಹತ್ತಿರ ಬರುತ್ತದಾ? ಕೊಡಬೇಡಿ ಅನ್ನುತ್ತಿಲ್ಲ. ಕೊರೊನಾ ಸಮಯದಲ್ಲಿ ಅಕ್ಕಿ ಕೊಟ್ಟವರು ಜೀವ ಉಳಿಸಿದ್ದಾರೆ. ಆದರೆ ಮಾಮೂಲಿ ದಿನಗಳಲ್ಲಿ ಆ ಮನೆಯದೇ ಆದ ದುಡ್ಡು ಎಲ್ಲೋ ಸಿಕ್ಕಿಕೊಂಡಿರುವಾಗ, ಅದನ್ನು ಬಿಡಿಸುವುದು ಬಿಟ್ಟು ಕಂಬಳಿ ಹೊದಿಸಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಹೇಳುತ್ತೇನೆ. ನೀವು ಕಲಿಯಬೇಕಾದದ್ದೆಲ್ಲ ನಡುವಿನ ಹೆಜ್ಜೆಗಳಲ್ಲಿದೆ.

ಆಕೆ ಕೂಲಿ ಮಾಡಿ ಬದುಕಿದವರು. ಕಬ್ಬು ಕಡಿಯುವುದು, ಭತ್ತದ ನಾಟಿ, ಕಳೆ. ಪಿಂಚಣಿ ಊರಿನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಇದ್ದಕ್ಕಿದ್ದಂತೆ ನಿಂತುಹೋಯಿತು. ಬ್ಯಾಂಕಿನಲ್ಲಿ ಕೇಳಿದರೆ 'ನಮಗೆ ಬಂದಿಲ್ಲ, ನಾಡಕಚೇರಿಗೆ ಹೋಗಿ' ಅಂದರು. ನಾಡಕಚೇರಿಯಲ್ಲಿ 'ನಮ್ಮಿಂದ ಹೋಗಿದೆ, ಬ್ಯಾಂಕಿಗೆ ಹೋಗಿ' ಅಂದರು. ಇಬ್ಬರೂ ಹೇಳಿದ್ದು ನಿಜವೇ. ಆದರೆ ಎರಡು ನಿಜಗಳ ನಡುವೆ ಅಜ್ಜಿ ಓಡಾಡಿ ಸುಸ್ತಾದರು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಉಳಿಯಿತು, ಆದರೆ ಓಡಾಡಿದ ದಿನದ ಕೂಲಿ ಯಾರು ಕೊಡುತ್ತಾರೆ? ಕೊನೆಗೆ ಆಕೆ ಕೇಳುವುದನ್ನೇ ಬಿಟ್ಟರು. 'ನಮ್ಮ ಹಣೇಲಿ ಇದ್ದಷ್ಟು ಬಂತು ಬಿಡಿ ಸಾಮಿ' ಅಂದರು.

ನಮ್ಮ ಜೊತೆ ಆಗ ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳಿಗೆ ನಾನು ಒಂದು ಪ್ರಶ್ನೆ ಕೇಳೋಕೆ ಹೇಳಿದೆ. 'ಅಜ್ಜಿ, ಇತ್ತೀಚೆಗೆ ಎಲ್ಲಾದರೂ ಹೆಬ್ಬೆಟ್ಟು ಕೊಟ್ಟಿದ್ದೀರಾ?' ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿ ಹೇಳಿದರು, ಸಂತೆಯಲ್ಲಿ ಛತ್ರಿ ಹಾಕಿಕೊಂಡು ಕೂತಿದ್ದ ಹುಡುಗರು ಆಧಾರ್ ಕಾರ್ಡ್ ಕೇಳಿದರು, ಹೆಬ್ಬೆಟ್ಟು ಒತ್ತಿಸಿಕೊಂಡರು ಅಂತ. ಅಲ್ಲಿಗೆ ವಿಷಯ ಗೊತ್ತಾಯಿತು.

ಇದನ್ನು ನೀವೆಲ್ಲ ಸರಿಯಾಗಿ ತಿಳಿದುಕೊಳ್ಳಿ. ಈಗ ಇಂಥ ಹಣ ಖಾತೆ ನಂಬರ್ ನೋಡಿ ಹೋಗುವುದಿಲ್ಲ, ಆಧಾರ್ ನೋಡಿ ಹೋಗುತ್ತದೆ. ಒಬ್ಬರಿಗೆ ನಾಲ್ಕು ಖಾತೆ ಇರಬಹುದು. ಆದರೆ ಹಣ ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಒಂದೇ ಒಂದು ಖಾತೆಗೆ. ಎನ್‌ಪಿಸಿಐ ಮ್ಯಾಪಿಂಗ್ ಅನ್ನುವುದು ಇದಕ್ಕೇ. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ. ಸಂತೆಯಲ್ಲಿ ಒತ್ತಿದ ಆ ಹೆಬ್ಬೆಟ್ಟಿನಿಂದ ಅಜ್ಜಿಗೇ ಗೊತ್ತಿಲ್ಲದೆ ಒಂದು ಹೊಸ ಖಾತೆ ತೆರೆದಿತ್ತು, ಆಧಾರ್ ಅದಕ್ಕೆ ಜೋಡಣೆಯಾಗಿತ್ತು. 'ದುಡ್ಡು ಬರ್ತಿಲ್ಲ' ಅನ್ನುವ ಎಷ್ಟೋ ಜನರ ದುಡ್ಡು ಬಂದೇ ಇರುತ್ತದೆ. ಅವರು ನೋಡದೇ ಇರುವ ಕಡೆ ಬಂದಿರುತ್ತದೆ.

ಯಾವ ಬ್ಯಾಂಕ್ ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು. ಆದರೆ ಒಟಿಪಿ ಬೇಕು. ಆಧಾರ್‌ನಲ್ಲಿದ್ದ ಮೊಬೈಲ್ ನಂಬರ್ ಮಗನ ಹಳೇ ಸಿಮ್, ಅದು ಸತ್ತುಹೋಗಿ ಎಷ್ಟೋ ಕಾಲ ಆಗಿತ್ತು. ಹಾಗಾಗಿ ಮೊದಲು ನಂಬರ್ ಬದಲಾಯಿಸಬೇಕು. ಅದಕ್ಕೆ ಆಧಾರ್ ಕೇಂದ್ರ, ಅಲ್ಲಿ ಬೆರಳಚ್ಚು. ಬೆರಳು ಇಟ್ಟರೆ ಮೆಷಿನ್ ಒಪ್ಪಲಿಲ್ಲ. ಆ ಕೈ ನೋಡಿದ್ದರೆ ನಿಮಗೆ ಅರ್ಥವಾಗುತ್ತಿತ್ತು. ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಕಬ್ಬಿನ ಜಲ್ಲೆ, ವರ್ಷಗಟ್ಟಲೆ. ಎರಡೂ ಕೈ ಬೆರಳು ಸವೆದು ನುಣ್ಣಗಾಗಿವೆ. ಗೆರೆಯೇ ಇಲ್ಲ. ಹುಡುಗಿ ಅಜ್ಜಿಯನ್ನು ನಲ್ಲಿ ಹತ್ತಿರ ಕರೆದುಕೊಂಡು ಹೋಗಿ ಕೈ ಚೆನ್ನಾಗಿ ತೊಳೆಸಿ, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಒಂದೊಂದೇ ಬೆರಳು ಇಡಿಸಿದಳು. ಎಡಗೈ ಕಿರುಬೆರಳು ಹಿಡಿಯಿತು. ಕಿರುಬೆರಳು ಕೆಲಸದಲ್ಲಿ ಅಷ್ಟು ಸವೆದಿರುವುದಿಲ್ಲ. ಬೆರಳು ಆಗದಿದ್ದರೆ ಕಣ್ಣು ಇದೆ, ಅದನ್ನೂ ಕೇಳಬಹುದು. ಸಾಲಿನಲ್ಲಿ ನೂರು ಜನ ನಿಂತಿರುವಾಗ ಆಪರೇಟರ್‌ಗೆ ಇಷ್ಟೆಲ್ಲ ನೋಡುವ ಪುರುಸೊತ್ತು ಇರಲ್ಲ. ಜೊತೆಗೆ ಹೋದವರು ನೋಡಬೇಕು.

ನಂಬರ್ ಬದಲಾಯಿತು, ಒಟಿಪಿ ಬಂತು, ಖಾತೆ ಯಾವುದು ಅಂತ ಸಿಕ್ಕಿತು. ದುಡ್ಡು ಅಲ್ಲೇ ಇತ್ತು. ನಿಂತ ತಿಂಗಳಿನಿಂದ ಒಂದು ಕಂತೂ ತಪ್ಪದೆ ಕೂಡಿಕೊಂಡಿತ್ತು. ಊರಿನ ಬ್ಯಾಂಕಿನಲ್ಲಿ ಮತ್ತೆ ಆಧಾರ್ ಜೋಡಣೆಗೆ ಫಾರಂ ಕೊಟ್ಟು, ಅದು ಬದಲಾದ ಮೇಲೆ ಒಂದು ಕಂತು ಬರುವ ತನಕ ಕಾದು ನೋಡಿ, ಆಮೇಲೇ ನಮ್ಮ ಪುಸ್ತಕದಲ್ಲಿ ಆ ಹೆಸರಿನ ಮುಂದೆ 'ಮುಗಿಯಿತು' ಅಂತ ಬರೆದೆವು. ಅರ್ಜಿ ಕೊಟ್ಟ ದಿನ ಹಾಗೆ ಬರೆಯುವುದಿಲ್ಲ. ದುಡ್ಡು ಕೈಗೆ ಬಂದ ದಿನ ಬರೆಯುತ್ತೇವೆ.

ಇಷ್ಟರಲ್ಲಿ ಕಾನೂನಿನ ಹೋರಾಟ ಇಲ್ಲ, ದೊಡ್ಡವರ ಶಿಫಾರಸು ಇಲ್ಲ. ಯಾರೂ ಕೆಟ್ಟವರೂ ಅಲ್ಲ. ಅಜ್ಜಿಗೆ ಓದೋಕೆ ಬರಲ್ಲ, ಸ್ಮಾರ್ಟ್‌ಫೋನ್ ಇಲ್ಲ, ಕೂಲಿ ಬಿಟ್ಟು ಓಡಾಡುವ ಶಕ್ತಿ ಇಲ್ಲ. ನಿಮಗೆ ಈ ಮೂರೂ ಇವೆ. ಮುಂದಿನ ಶನಿವಾರ ಅದೇ ಅಜ್ಜಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು. ಈಗ ಆ ಬೀದಿಯಲ್ಲಿ ಯಾರಾದರೂ ದುಡ್ಡು ಬಂದಿಲ್ಲ ಅಂದರೆ, 'ನಿಂದು ಯಾವ ಬ್ಯಾಂಕಿಗೆ ಹೋಗ್ತಾ ಐತೆ ನೋಡಿಸಿದ್ದೀಯಾ?' ಅಂತ ಮೊದಲು ಕೇಳುವವರು ಅವರೇ.

ಪುಸ್ತಕದ ವಿಷಯ ಬಂತಲ್ಲ, ಅದರ ಬಗ್ಗೆ ಎರಡು ಮಾತು. ತಾರೀಖು, ಹೆಸರು, ಏನು ತೊಂದರೆ, ಯಾರು ಜೊತೆಗೆ ಹೋದರು, ಅಲ್ಲಿ ಏನಂದರು, ಮತ್ತೆ ಯಾವತ್ತು ಹೋಗಬೇಕು. ಇಷ್ಟೇ ಬರೆಯಿರಿ. ಆಧಾರ್ ನಂಬರ್ ಬರೆದುಕೊಳ್ಳಬೇಡಿ. ಪಾಸ್‌ಬುಕ್ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಕೆಲಸ ಆದ ತಕ್ಷಣ ಅವರ ಮುಂದೆಯೇ ಅಳಿಸಿ. ಒಟಿಪಿ ಬಂದರೆ ಅವರ ಕೈಯಲ್ಲೇ ಒತ್ತಿಸಿ. ನಿಮ್ಮ ಒಳ್ಳೆಯತನದ ಮೇಲೆ ನನಗೆ ಅನುಮಾನ ಇಲ್ಲ. ಆದರೆ ನಿಮ್ಮನ್ನು ನೋಡಿ 'ಓದಿದ ಹುಡುಗರು ಕೇಳಿದರೆ ಕೊಡಬಹುದು' ಅನ್ನುವ ಅಭ್ಯಾಸ ಆ ಬೀದಿಗೆ ಬಂದರೆ, ನಾಳೆ ಬರುವ ಮೋಸಗಾರನಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಸಕಾಲದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2011ರ ಕಾಯ್ದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಿಂಚಣಿ, ಹೀಗೆ ಪಟ್ಟಿಯಲ್ಲಿರುವ ಸೇವೆಗಳನ್ನು ಇಷ್ಟು ದಿನದೊಳಗೆ ಕೊಡಲೇಬೇಕು ಅಂತ ಗಡುವು ಇದೆ. ಅರ್ಜಿ ಕೊಟ್ಟಾಗ ನಂಬರ್ ಇರುವ ಸ್ವೀಕೃತಿ ಚೀಟಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ತನಕ ಅರ್ಜಿದಾರರು ಪರಿಹಾರ ಕೇಳಬಹುದು. ದುಡ್ಡು ಸಣ್ಣದು. ಆದರೆ ಆ ನಂಬರ್ ದೊಡ್ಡದು. ಚೀಟಿ ಇಲ್ಲದೆ ಕೊಟ್ಟ ಅರ್ಜಿಗೆ ಲೆಕ್ಕವೇ ಇಲ್ಲ. ಚೀಟಿ ಇಸಿದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಇನ್ನೊಂದು ಗುಂಪಿನ ಜನ ನಮ್ಮ ಜಿಲ್ಲೆಯಲ್ಲಿ ಯಾರ ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತಾರೆ. ಕಬ್ಬಿನ ಕಟಾವು ಶುರುವಾದಾಗ ಬಳ್ಳಾರಿ ಕಡೆಯಿಂದ ಗುಂಪು ಗುಂಪಾಗಿ ಬರುತ್ತಾರಲ್ಲ, ಗದ್ದೆ ಬದಿಯಲ್ಲಿ ಪ್ಲಾಸ್ಟಿಕ್ ಟೆಂಟ್ ಹಾಕಿಕೊಂಡು ಇರುತ್ತಾರಲ್ಲ, ಅವರು. ಆಲೆಮನೆಗಳಲ್ಲಿ ಉತ್ತರ ಭಾರತದಿಂದ ಬಂದವರೂ ಇದ್ದಾರೆ. ನಾವು ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತೇವೆ. ಆ ಟೆಂಟಿನಲ್ಲಿರುವ ಮಗು ಶಾಲೆಗೆ ಹೋಗುತ್ತಾ ಅಂತ ಎಷ್ಟು ಜನ ನಿಂತು ಕೇಳಿದ್ದೇವೆ?

ಕೇಳಿದರೆ ತಾಯಿ ಹೇಳುತ್ತಾರೆ, 'ಟಿಸಿ ತಂದಿಲ್ಲ, ವರ್ಷದ ಮಧ್ಯೆ ಸೇರಿಸ್ಕೊಳಲ್ಲ' ಅಂತ. ಹಾಗೇನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತು ಅಂತ ನಿರಾಕರಿಸುವಂತಿಲ್ಲ. ವರ್ಷದ ಯಾವ ತಿಂಗಳಲ್ಲಿ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ನಾನು ನೋಡಿದ ಹಾಗೆ, ನೀವು ಮಗುವಿನ ಕೈ ಹಿಡಿದುಕೊಂಡು ಹೋಗಿ ಮೇಷ್ಟ್ರ ಮುಂದೆ ಮರ್ಯಾದೆಯಿಂದ ನಿಂತರೆ ಹೆಚ್ಚಿನ ಮೇಷ್ಟ್ರುಗಳು ಖುಷಿಯಿಂದ ಸೇರಿಸಿಕೊಳ್ಳುತ್ತಾರೆ. ಕಾಯ್ದೆಯ ಪುಟ ತೋರಿಸುವ ಅಗತ್ಯವೇ ಬರುವುದಿಲ್ಲ. ಅವರ ರೇಷನ್ ಕಾರ್ಡ್ ಬೇರೆ ಜಿಲ್ಲೆಯದ್ದು, ಬೇರೆ ರಾಜ್ಯದ್ದು ಇರಬಹುದು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು. ಇದೂ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೇಳಿ ಬರೋಕೆ ಅರ್ಧ ಗಂಟೆ ಸಾಕು, ಅಲ್ವಾ?

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ಸ್ವಯಂಸೇವೆ ಅನ್ನುವುದು ಹೊರಗಿನಿಂದ ಬಂದ ಫ್ಯಾಷನ್ ಅಂತ ಕೆಲವರು ಅಂದುಕೊಂಡಿದ್ದಾರೆ. ನಮ್ಮ ಮೈಸೂರು ಸೀಮೆಯ ಕಥೆ ಹಾಗಿಲ್ಲ. ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು, ದಿಕ್ಕಿಲ್ಲದ ಮಕ್ಕಳಿಗೆ ಅನಾಥಾಲಯ ಕಟ್ಟಿದರು. 1933ರಲ್ಲಿ ತೀರಿಕೊಂಡರು. ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದುತ್ತಿದ್ದ ವಾರಾನ್ನದ ಪದ್ಧತಿ ನಿಮ್ಮ ತಾತಂದಿರ ಕಾಲದ ತನಕ ಇತ್ತು. ಮನೆಮನೆಯಿಂದ ಹಿಡಿ ಅಕ್ಕಿ ಎತ್ತಿ ಹಾಸ್ಟೆಲ್ ನಡೆಸಿದವರಿದ್ದಾರೆ. ಆದರೆ ಇದನ್ನು ಬರೀ ಹೆಮ್ಮೆಯಿಂದ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ವಾರಾನ್ನದ ಮನೆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಹಸಿವು ಎಲ್ಲರಿಗೂ ಒಂದೇ ಇತ್ತು, ಎಲೆ ಎಲ್ಲರಿಗೂ ಹಾಕುತ್ತಿರಲಿಲ್ಲ.

ಅದಕ್ಕೇ ಒಂದು ಮಾತು ಬಿಡಿಸಿ ಹೇಳುತ್ತೇನೆ. ನೀವು ಕಾಲೋನಿಗೆ ಹೋದಾಗ ಅಲ್ಲಿ ನೀರು ಕೊಡುತ್ತಾರೆ, ಟೀ ಕೊಡುತ್ತಾರೆ. ಕುಡಿಯಿರಿ. 'ಈಗ ತಾನೇ ಕುಡಿದು ಬಂದೆ' ಅನ್ನಬೇಡಿ. ನಿಜವಾಗಿಯೂ ಕುಡಿದು ಬಂದಿದ್ದರೂ ಅನ್ನಬೇಡಿ. ಆ ಮಾತನ್ನು ಅವರು ತಲೆಮಾರುಗಳಿಂದ ಕೇಳಿದ್ದಾರೆ, ಅದರ ಹಿಂದೆ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಒಂದು ಲೋಟ ಟೀ ಕುಡಿಯದೆ ನೂರು ಅರ್ಜಿ ಬರೆದುಕೊಟ್ಟರೂ ಆ ಬೀದಿ ನಿಮ್ಮನ್ನು ತನ್ನವರು ಅಂತ ಒಪ್ಪುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಇತ್ತಲ್ಲ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬಂದೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಅಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಅನ್ನುವುದೇ ಇರಲಿಲ್ಲ. ಈ ಕೆಲಸವನ್ನೂ ಹಾಗೆ ಮಾಡಬಹುದು. ಕೆಲಸ ಆದವರು ಇನ್ನೊಬ್ಬರ ಜೊತೆ ಹೋಗಲಿ. ಕೇಳಲು ಸಂಕೋಚ ಪಡಬೇಡಿ. 'ಅಕ್ಕ, ನಿಮ್ಮದಾಯ್ತಲ್ಲ, ಈ ವಾರ ಆ ಮನೆಯವರ ಜೊತೆ ನೀವು ಹೋಗಿ ಬನ್ನಿ' ಅಂದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಖುಷಿಯಾಗಿ ಹೋಗುತ್ತಾರೆ.

ಈಗ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರು ಕಡೆಗೆ ಬರೋಣ. ಅಲ್ಲಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಕೇರಿಗಳಲ್ಲಿ, ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಇದ್ದಾರೆ. ಕಬಿನಿ ಅಣೆಕಟ್ಟು ಬಂದಾಗ, ಬಂಡೀಪುರ ಹುಲಿ ಯೋಜನೆಗೆ ಸೇರಿದಾಗ, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಕಾಡಿನಿಂದ ಹೊರಗೆ ಬಂದವರು ಇವರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಆಗ ಅವರಿಗೆ ನಿಮ್ಮ ವಯಸ್ಸು. ಆಮೇಲೆ ಎಚ್.ಡಿ. ಕೋಟೆಯ ಹಾಡಿಗಳಿಗೆ ಹೋಗಿ ನೆಲೆ ನಿಂತರು. ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆ ಎಲ್ಲ ಅಲ್ಲಿಂದ ಬೆಳೆದದ್ದು. ಅದೇ ಜಾಗದಲ್ಲಿ ನಿಂತರು, ಅದು ಮುಖ್ಯ.

ಎಲ್ಲರೂ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಒಬ್ಬ ಕಾಲೇಜು ಹುಡುಗ ಹಾಡಿಯಲ್ಲಿ ಕೂತು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ, 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಉಳುಮೆ ಮಾಡಿಕೊಂಡು ಬಂದ ಕಾಡಿನ ಜಮೀನಿಗೆ ಆದಿವಾಸಿ ಕುಟುಂಬ ಹಕ್ಕು ಕೇಳಬಹುದು. ಹೆಚ್ಚೆಂದರೆ 4 ಹೆಕ್ಟೇರ್. ಅರ್ಜಿ ಹೋಗುವುದು ಗ್ರಾಮಸಭೆಗೆ. ಸಾಕ್ಷಿ ಬೇಕು. ಇಲ್ಲಿ ಎಲ್ಲರೂ ನಿಂತುಬಿಡುತ್ತಾರೆ. ಕಾಡಲ್ಲಿ ಹುಟ್ಟಿ ಬೆಳೆದವರ ಹತ್ತಿರ ಪಹಣಿ ಎಲ್ಲಿರುತ್ತೆ?

ಆದರೆ ಆ ಕಾಯ್ದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಅರ್ಜಿ ಹಾಕಿದವರಲ್ಲದ ಹಿರಿಯರು ಹೇಳಿದ್ದನ್ನು ಬರಹದಲ್ಲಿ ದಾಖಲು ಮಾಡಿದರೆ ಅದೂ ಸಾಕ್ಷಿ. ಸಮಾಧಿ ಇದ್ದ ಜಾಗ, ದೇವರ ಜಾಗ, ಹಳೇ ಮನೆಯ ಗುರುತು, ಅವೂ ಸಾಕ್ಷಿಯೇ. ಅಂದರೆ ಹಾಡಿಯ ಮುದುಕರ ನೆನಪು ಕಾನೂನಿನ ಮುಂದೆ ನಿಲ್ಲುತ್ತದೆ. ಅದನ್ನು ಕೂತು ಕೇಳಿ, ಅವರು ಹೇಳಿದ ಹಾಗೇ ಬರೆಯುವವರು ಬೇಕು. ಯಾವ ಮರದ ಹತ್ತಿರ ಯಾರ ಗುಡಿಸಲು ಇತ್ತು, ಯಾವ ಹಳ್ಳದ ಆಚೆ ಯಾರು ರಾಗಿ ಬಿತ್ತುತ್ತಿದ್ದರು. ನಿಮ್ಮ ಮಾತು ಸೇರಿಸಬಾರದು, ಅಂದಗೊಳಿಸಬಾರದು. ಬರೆದ ಮೇಲೆ ಅವರಿಗೆ ಓದಿ ಹೇಳಬೇಕು. 'ಹೌದು, ಇಂಗೇ' ಅಂದ ಮೇಲೆ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಗ್ರಾಮಸಭೆಯ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಹಾಕಬಹುದು. ಆ 60 ದಿನದ ಲೆಕ್ಕ ಇಡುವವರು ಯಾರೂ ಇಲ್ಲದೆ ಹಕ್ಕು ಕಳೆದುಹೋದರೆ ಅದಕ್ಕಿಂತ ಬೇಸರದ ವಿಷಯ ಇನ್ನೊಂದಿಲ್ಲ.

ಇಲ್ಲಿ ಅವಸರ ನಡೆಯುವುದಿಲ್ಲ. ಹಾಡಿಯ ಹಿರಿಯರು ಮೊದಲ ದಿನ ಏನೂ ಹೇಳುವುದಿಲ್ಲ. ಅಷ್ಟು ಜನ ಬಂದು ಬರೆದುಕೊಂಡು ಹೋಗಿದ್ದಾರೆ ಅವರ ಹತ್ತಿರ. ಸರ್ವೆಯವರು, ಸಂಶೋಧನೆಯವರು, ಟಿವಿಯವರು. ಬರೆದುಕೊಂಡು ಹೋದದ್ದು ಏನಾಯಿತು ಅಂತ ವಾಪಸ್ ಬಂದು ಹೇಳಿದವರು ಕಡಿಮೆ. ನೀವು ವಾಪಸ್ ಬಂದು ಹೇಳಿ. 'ಇನ್ನೂ ಆಗಿಲ್ಲ' ಅನ್ನುವುದಾದರೂ ಬಂದು ಹೇಳಿ.

ಮತ್ತೆ ನಮ್ಮ ಜಗುಲಿಗೆ ಬರುತ್ತೇನೆ. ಅಲ್ಲಿ ದೊಡ್ಡವರ ಕೆಲಸ ನಡೆಯುವಾಗ ಮಕ್ಕಳೂ ಬಂದು ಸೇರುತ್ತವೆ. ವಿದ್ಯಾರ್ಥಿಗಳು ಅವರಿಗೆ ಲೆಕ್ಕ, ಓದು ಹೇಳಿಕೊಡುತ್ತಾರೆ. ಒಬ್ಬ ಹುಡುಗ ಯಾವಾಗಲೂ ಗೋಡೆಗೆ ಒರಗಿ, ತಲೆ ಒಂದು ಕಡೆ ತಿರುಗಿಸಿಕೊಂಡು ಕೂರುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ಶಾಲೆಯಲ್ಲಿ ಅವನಿಗೆ 'ದಡ್ಡ' ಅನ್ನುವ ಹೆಸರು ಬಂದಿತ್ತು. ಪ್ರತಿ ವಾರ ಅವನನ್ನೇ ನೋಡುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಅನುಮಾನ ಬಂದು, ಹಿಂದಿನಿಂದ ಹೆಸರು ಹಿಡಿದು ಕರೆದ. ಹುಡುಗ ತಿರುಗಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ತಾಯಿಯನ್ನೂ ಮಗುವನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಪರೀಕ್ಷೆ ಮಾಡಿದರು. ಬಡ ಮಕ್ಕಳಿಗೆ ಎಡಿಪ್ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ಅವನಿಗೂ ಸಿಕ್ಕಿತು. ಆ ಹುಡುಗ ಈಗ ಮೊದಲ ಸಾಲಿನಲ್ಲಿ ಕೂರುತ್ತಾನೆ, ಜಾಸ್ತಿ ಮಾತಾಡುತ್ತಾನೆ ಅಂತ ದೂರು ಬರುವಷ್ಟು ಮಾತಾಡುತ್ತಾನೆ.

ವರ್ಷಕ್ಕೊಂದು ಸಲ ನಡೆಯುವ ತಪಾಸಣಾ ಶಿಬಿರದಲ್ಲೂ ಇದು ಗೊತ್ತಾಗಬಹುದಿತ್ತು. ಗೊತ್ತಾಗಿರಲಿಲ್ಲ. ಶಿಬಿರದ ದಿನ ಅವನು ಅಪ್ಪನ ಜೊತೆ ಕೆಲಸಕ್ಕೆ ಹೋಗಿದ್ದ.

ಫೋಟೋ ಬಗ್ಗೆ ಒಂದು ಮಾತು, ಯಾಕೆಂದರೆ ನಿಮಗೆ ವರದಿ ಬರೆಯುವುದಿರುತ್ತದೆ, ಫೋಟೋ ಬೇಕು ಅನ್ನುತ್ತಾರೆ. ನೀವು ಗುದ್ದಲಿ ಹಿಡಿದ ಫೋಟೋ ಹಾಕಿ, ತೊಂದರೆ ಇಲ್ಲ. ಆದರೆ ಒಬ್ಬರು ಕೈ ಚಾಚಿ ತೆಗೆದುಕೊಳ್ಳುತ್ತಿರುವ ಫೋಟೋ ತೆಗೆಯಬೇಡಿ. ಆ ಮನೆಯ ಮಗಳು ಕಾಲೇಜಿಗೆ ಹೋಗುತ್ತಿರುತ್ತಾಳೆ. ಅವಳ ಸಹಪಾಠಿಗಳ ಫೋನಿಗೆ ಆ ಫೋಟೋ ಬರುತ್ತದೆ. ಅವಳ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಂಡು ನೋಡಿ.

ನಮ್ಮ ಜಗುಲಿಯಲ್ಲಿ ಈಗ ಆಗಿರುವ ಬದಲಾವಣೆ ಏನೆಂದರೆ, ಅರ್ಜಿ ಬರೆಯುವುದು ನಾವಲ್ಲ. ಅದೇ ಕಾಲೋನಿಯ, ಪಿಯುಸಿ ಮುಗಿಸಿ ಮನೆಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಬರೆಯುತ್ತಾರೆ. ಅವರಿಗೆ ನಾಡಕಚೇರಿಯ ಕೌಂಟರ್ ಗೊತ್ತು, ಗ್ರಾಮ ಆಡಳಿತಾಧಿಕಾರಿ ಯಾವತ್ತು ಊರಿಗೆ ಬರುತ್ತಾರೆ ಅಂತ ಗೊತ್ತು, ಬ್ಯಾಂಕಿನಲ್ಲಿ ಯಾವ ಫಾರಂ ಕೇಳಬೇಕು ಅಂತ ಗೊತ್ತು. ಮೊದಮೊದಲು ಅವರು ಕೌಂಟರ್ ಮುಂದೆ ಮಾತಾಡಲು ಹೆದರುತ್ತಿದ್ದರು, ನಮ್ಮ ಹಿಂದೆ ನಿಲ್ಲುತ್ತಿದ್ದರು. ಆಮೇಲೆ ಪಕ್ಕಕ್ಕೆ ಬಂದರು. ಈಗ ನಾವು ಹಿಂದೆ ನಿಲ್ಲುತ್ತೇವೆ. ನೀವು ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುತ್ತೀರಿ, ಹೋಗಲೇಬೇಕು. ಆದರೆ ಹೋಗುವಷ್ಟರಲ್ಲಿ ಆ ಬೀದಿಯಲ್ಲೇ ಇರುವ ಒಬ್ಬರಿಗಾದರೂ ಈ ಕೆಲಸ ಪೂರ್ತಿ ಬರಬೇಕು. ನಿಮ್ಮ 240 ಗಂಟೆಯಲ್ಲಿ ಮೊದಲ ನೂರು ಗಂಟೆ ನೀವು ಮಾಡಿ, ಉಳಿದದ್ದರಲ್ಲಿ ಅವರು ಮಾಡುವುದನ್ನು ಪಕ್ಕದಲ್ಲಿದ್ದು ನೋಡಿ.

ಚೀಟಿಯಲ್ಲಿ ಕೆಲವು ಪ್ರಶ್ನೆ ಬಂದಿವೆ. 'ಲಂಚ ಕೇಳಿದರೆ ಏನು ಮಾಡಬೇಕು?'

ಕೊಡಬೇಡಿ, ಜಗಳವನ್ನೂ ಮಾಡಬೇಡಿ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಸ್ವೀಕೃತಿ ಚೀಟಿ ಕೇಳಿ. ಗಡುವು ಮೀರಿದರೆ ಸಕಾಲದಲ್ಲಿ ಮೇಲ್ಮನವಿ ಹಾಕಿ. ಕಡತ ಎಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಬರಬೇಕು. ಅರ್ಜಿ ಹಾಕುವುದು ಆ ಮನೆಯವರ ಹೆಸರಿನಲ್ಲಿ. ಹಾಗಾಗಿ ಅವರಿಗೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ನೀವು ಸಂಜೆ ಬಸ್ ಹತ್ತಿ ಬರುತ್ತೀರಿ, ಅವರು ಅದೇ ಊರಿನಲ್ಲಿ ಬಾಳಬೇಕು.

'ಪರೀಕ್ಷೆ ಸಮಯದಲ್ಲಿ ಹೋಗಲು ಆಗದಿದ್ದರೆ?' ಮೊದಲೇ ಹೇಳಿ ಬನ್ನಿ, 'ಮೂರು ವಾರ ಬರುವುದಿಲ್ಲ, ಇಂಥ ತಾರೀಖಿಗೆ ಬರುತ್ತೇವೆ' ಅಂತ. ಆ ತಾರೀಖಿಗೆ ತಪ್ಪದೆ ಹೋಗಿ. ಇಲ್ಲ ಅಂದರೆ ಎರಡನೇ ವರ್ಷದವರು, ಮೊದಲ ವರ್ಷದವರು ಸರದಿ ಹಾಕಿಕೊಳ್ಳಿ.

'ಯಾವ ಬೀದಿಯಿಂದ ಶುರು ಮಾಡಬೇಕು?' ಕಾಲೇಜಿನಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುವಂಥದ್ದು ಆರಿಸಿಕೊಳ್ಳಿ. ದೂರದ್ದು ಆರಿಸಿಕೊಂಡರೆ ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತೀರಿ. ಮೊದಲ ದಿನ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಜೊತೆ ಹೋಗಿ. ಯಾವ ಮನೆಯಲ್ಲಿ ಯಾರಿಗೆ ಏನು ತಲುಪಿಲ್ಲ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಆ ಊರಿನಲ್ಲಿ ಯಾರೂ ಇಲ್ಲ. ಅವರನ್ನು ಕೇಳಿ, ಅವರ ಕೆಲಸಕ್ಕೆ ಅಡ್ಡ ಬರಬೇಡಿ.

ಕೊನೆಯ ಚೀಟಿಯಲ್ಲಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡುವುದನ್ನು ತೋರಿಸಿಕೊಡಿ ಅಂತ ಕೇಳಿದ್ದಾರೆ. ಈಗಲೇ ತೋರಿಸುತ್ತೇನೆ. ಫೋನ್ ಇರುವವರು ಮೇಜಿನ ಹತ್ತಿರ ಬನ್ನಿ, ನಿಮ್ಮ ನಿಮ್ಮ ಆಧಾರ್‌ನಿಂದಲೇ ಶುರು ಮಾಡೋಣ. ಸಂಜೆ ಮನೆಗೆ ಹೋಗಿ ಅಮ್ಮಂದು, ಅಜ್ಜಿದು ನೋಡಿ. ಶನಿವಾರದ ಹೊತ್ತಿಗೆ ಕೈ ಪಳಗಿರುತ್ತದೆ.